ಬಂದೂಕಿಗೆ ಬಳಿದ ಕಾಡು

“ಕ್ಯಾನು ತಣ್ಣಗಿದ್ರೆ ಬಣ್ಣ ಉಗುಳತ್ತೆ, ಕೂರಲ್ಲ,” ಎಂದ ಗೋರ್ಡಿ ಬೋದ್ರಿ. “ಬಿಸಿನೀರಲ್ಲಿ ಇನ್ನೂ ಸ್ವಲ್ಪ ಹೊತ್ತು ಇರಲಿ. ಜೈಲಿಗೆ ಹೋಗೋಕೆ ನಂಗೇನೂ ಆತುರ ಇಲ್ಲ.”

ಬಕೆಟ್ಟಿನ ನೀರಿನಲ್ಲಿ ಮೂರು ಬಣ್ಣದ ಕ್ಯಾನುಗಳು ಕುತ್ತಿಗೆಯವರೆಗೆ ಮುಳುಗಿದ್ದವು. ಗೋರ್ಡಿಯ ಗ್ಯಾರೇಜಿನ ತೊಲೆಯಿಂದ ತಂತಿಯಲ್ಲಿ ಒಂದು ಹಳೆಯ ಹಾಕಿ ಕೋಲು ನೇತಾಡುತ್ತಿತ್ತು. ಕೊಲೆಯ ಅನುಮಾನ ಹೊತ್ತವನ ಕೈಗೆ ಬಂದೂಕು ಕೊಡುವ ಹಾಗಿರಲಿಲ್ಲ. ಬಣ್ಣ ಬಳಿದು ತೋರಿಸಲು ಕೋಲು ಸಾಕು ಎಂದಿದ್ದಳು ರಮೋನಾ ಲಾಹ್ತಿ.

ಬೇಟೆ ಶುರುವಾದ ಮೊದಲ ಬೆಳಿಗ್ಗೆ ಲೆನ್ನಿ ರುವೋನಾನ ಎದೆಗೆ ಹೊಕ್ಕ ಗುಂಡು ಗೋರ್ಡಿಯ ಬಂದೂಕಿನದೇ ಎಂದು ಪ್ರಯೋಗಾಲಯ ಹೇಳಿಯಾಗಿತ್ತು. ಇವತ್ತು ಮಧ್ಯಾಹ್ನ ಸರ್ಕಾರಿ ವಕೀಲ ಕೋರ್ಟಿನಲ್ಲಿ ಆರೋಪ ಹೊರಿಸುತ್ತಾನೆ. ಈ ರಾಜ್ಯದಲ್ಲಿ ನೇಣಿಲ್ಲ. ಆದರೆ ಅರವತ್ತು ಸಮೀಪಿಸಿದ ಮನುಷ್ಯ ಒಳಗೆ ಹೋದರೆ ಹೊರಗೆ ಬರುವುದು ಹೆಣವಾಗಿಯೇ.

ಕೌಂಟಿ ಶೆರೀಫ್ ಕಚೇರಿಗೆ ಇದ್ದ ಪತ್ತೇದಾರರು ಒಬ್ಬರೇ, ಅದು ರಮೋನಾ. ಮಧ್ಯಾಹ್ನದೊಳಗೆ ಅವಳಿಗೆ ಒಂದು ವಿಷಯ ತಿಳಿಯಬೇಕಿತ್ತು. ಬಂದೂಕು ಇವನದು, ಸರಿ. ಅದರ ಮೇಲಿನ ಬಣ್ಣವೂ ಇವನ ಕೈಯದೇ?

“ಕ್ಯಾಮೆರಾ ಓಡ್ತಿದೆಯಾ, ಡ್ವೇನ್?”

“ಓಡ್ತಿದೆ. ಥಿನ್ನರ್ ವಾಸನೆಗೆ ನನ್ನ ತಲೆನೂ ಓಡ್ತಿದೆ,” ಎಂದ ಡ್ವೇನ್ ಸ್ಕೋಗ್‌ಮನ್. ಶೆರೀಫ್ ಕಚೇರಿಗೆ ಸೇರಿ ಎರಡು ವರ್ಷವಾಗಿದ್ದ ಅವನು ಯಾವುದೇ ಕೋಣೆಯಲ್ಲಿ ಬಾಯಿ ಮುಚ್ಚಿಕೊಂಡು ಕೂತವನಲ್ಲ. ಮೂರು ಕಾಲಿನ ಕ್ಯಾಮೆರಾದ ಮುಂದೆ ಕೆಂಪು ದೀಪ ಉರಿಯುತ್ತಿತ್ತು.

ರಮೋನಾ ತೆಳು ರಬ್ಬರಿನ ಕೈಗವಸು ಹಾಕಿಕೊಂಡಿದ್ದಳು. ಎಡಗೈಯ ನಡುಬೆರಳಿನ ಭಾಗ ಅರ್ಧಕ್ಕೇ ಖಾಲಿಯಾಗಿ ಮಡಚಿಕೊಂಡಿತ್ತು. ಅದನ್ನು ಯಾರೂ ಗಮನಿಸುವುದಿಲ್ಲ. ಮರ ಕಡಿಯುವ ಸೀಮೆ ಇದು. ಹತ್ತು ಬೆರಳೂ ಇರುವವನನ್ನು ಕಂಡರೆ ಎಲ್ಲಿಂದ ಬಂದೆ ಎಂದು ಕೇಳುತ್ತಾರೆ.

“ಶುರು ಮಾಡಿ, ಗೋರ್ಡಿ. ಬಂದೂಕಿಗೆ ಹೇಗೆ ಮಾಡ್ತಿದ್ರೋ ಹಾಗೇ.”

“ಮೊದ್ಲು ಜಿಡ್ಡು ತೆಗೀಬೇಕು. ಒಂದು ಹೆಬ್ಬೆಟ್ಟಿನ ಎಣ್ಣೆ ಉಳಿದ್ರೂ ಅಲ್ಲಿ ಬಣ್ಣ ಸಿಪ್ಪೆ ಏಳತ್ತೆ. ಆಮೇಲೆ ನಳಿಗೆ ಬಾಯಿಗೆ ಬೆಂಡು ತುರುಕೋದು. ದುರ್ಬೀನಿನ ಗಾಜಿಗೆ ಟೇಪು. ಗುಂಡು ಹಾರಿಸೋ ಕುದುರೆಗೆ ಟೇಪು. ನಂಬರಿಗೆ ಟೇಪು. ನಂಬರ್ ಮುಚ್ಚಿಹೋದ್ರೆ ನಿಮ್ಮಂಥೋರು ಮನೆಗೆ ಬರ್ತೀರಿ.”

“ಮುಚ್ಚದಿದ್ರೂ ಬಂದ್ವಲ್ಲ,” ಎಂದ ಡ್ವೇನ್.

ಗೋರ್ಡಿ ನಕ್ಕ. ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದವನು. ಈ ಕೌಂಟಿಯ ಅರ್ಧ ಜನ ಮೂಗು ಒರೆಸಿಕೊಳ್ಳುತ್ತಾ ಅವನ ಬಸ್ಸು ಹತ್ತಿದ್ದಾರೆ. ರಮೋನಾ ಹತ್ತಿದ್ದಳು. ಡ್ವೇನ್ ಕೂಡ.

“ಒಂದು ನಂಗೆ ಅರ್ಥ ಆಗಲ್ಲ,” ಎಂದು ಡ್ವೇನ್ ಮುಂದುವರಿಸಿದ. “ಬೇರೆ ಬೇಟೆಗಾರರಿಗೆ ಕಾಣ್ಬೇಕು ಅನ್ನೋ ಕಾನೂನಿದೆ ಅಂತ ಮೈಮೇಲೆ ಕಿತ್ತಳೆ ಕೋಟು, ತಲೆ ಮೇಲೆ ಕಿತ್ತಳೆ ಟೋಪಿ. ಕುಂಬಳಕಾಯಿ ಥರ ಕಾಡಲ್ಲಿ ಕೂತಿರ್ತೀರಿ. ಬಂದೂಕೊಂದು ಮಾತ್ರ ಕಾಣಬಾರದು. ಯಾಕೆ?”

“ಜಿಂಕೆಗೆ ಕಿತ್ತಳೆ ಕಾಣ್ಸಲ್ಲ ಕಣಯ್ಯಾ. ಹೊಳೆಯೋ ಕಬ್ಬಿಣ ಕಾಣತ್ತೆ.”

“ನಿಮಗೂ ಕಾಣ್ಸಲಿಲ್ವಲ್ಲ!”

“ಡ್ವೇನ್,” ಎಂದಳು ರಮೋನಾ.

ಅದೇ ಇಡೀ ಕೌಂಟಿ ನಗುವ ಕತೆ. ಎರಡು ನವೆಂಬರಿನ ಹಿಂದೆ ಗೋರ್ಡಿ ಒಂದು ಜಿಂಕೆ ಹೊಡೆದ. ಅದನ್ನು ಎಳೆದುಕೊಂಡು ಬರಲು ಎರಡು ಕೈಯೂ ಬೇಕಿತ್ತು. ಬಂದೂಕನ್ನು ಒಂದು ಮರಕ್ಕೆ ಒರಗಿಸಿದ. ಜಿಂಕೆಯನ್ನು ದಾರಿಗೆ ಎಳೆದುಹಾಕಿ ವಾಪಸು ಹೋದರೆ ಬಂದೂಕಿಲ್ಲ. ಅಂದರೆ, ಇದೆ. ಅವನೇ ಎಷ್ಟು ಚೆನ್ನಾಗಿ ಬಣ್ಣ ಬಳಿದಿದ್ದನೆಂದರೆ ಅವನ ಕಣ್ಣಿಗೇ ಬೀಳಲಿಲ್ಲ. ಕತ್ತಲಾಗುವವರೆಗೆ ಹುಡುಕಿದ. ರಾತ್ರಿ ಹಿಮ ಬಿತ್ತು. ಅಲ್ಲಿಗೆ ಮುಗಿಯಿತು.

ಈಗ ಈ ಸೀಮೆಯಲ್ಲಿ ಯಾರ ಕಾರಿನ ಬೀಗದ ಕೈ ಕಳೆದರೂ “ಗೋರ್ಡಿ ಬಂದೂಕಾಯ್ತು” ಎನ್ನುತ್ತಾರೆ. ಪ್ರತಿ ಬೇಟೆಯ ಹಿಂದಿನ ಸಂಜೆ ಹೆಂಡದಂಗಡಿಯವರು ಒಂದು ಆಟದ ಬಂದೂಕನ್ನು ಎಲ್ಲೋ ಬಚ್ಚಿಟ್ಟು ಗೋರ್ಡಿಯಿಂದ ಹುಡುಕಿಸುತ್ತಾರೆ.

ಸರ್ಕಾರಿ ವಕೀಲ ಹೊರಗಿನವನು. ಅವನು ನಗಲಿಲ್ಲ. “ಎರಡು ವರ್ಷ ಮುಂಚೆಯೇ ಬಂದೂಕು ಕಳೆಯಿತು ಎಂದು ಊರೆಲ್ಲ ಸಾರಿದ್ದಾನೆ. ಇದಕ್ಕಿಂತ ಒಳ್ಳೆ ತಯಾರಿ ಬೇಕೆ?” ಎಂದಿದ್ದ.

ಅವನ ಮಾತಿಗೆ ಬಲವೂ ಇತ್ತು. ಸತ್ತ ಲೆನ್ನಿ ರುವೋನಾ ಗೋರ್ಡಿಯ ತಂಗಿಯ ಗಂಡ. ಎಂಬತ್ತು ಎಕರೆ ಕಾಡು ಕೊಂಡು, ದಾರಿಗೆ ಕಬ್ಬಿಣದ ಗೇಟು ಹಾಕಿ, ಬೀಗ ಜಡಿದಿದ್ದ. ಆ ಗೇಟಿನಾಚೆ ಗೋರ್ಡಿಯ ಬೇಟೆಮನೆ ಇತ್ತು. ರಮೋನಾಳ ಗಂಡನ ಅಪ್ಪ ಕಟ್ಟಿದ ಬೇಟೆಮನೆಯೂ ಇತ್ತು. ಇಲ್ಲಿಯವರು ಇರುವ ಮನೆಯನ್ನಾದರೂ ಮಾರಿಯಾರು, ಬೇಟೆಮನೆ ಬಿಡುವುದಿಲ್ಲ. “ಯಾವತ್ತೋ ಯಾರೋ ನಿನ್ನ ಜಿಂಕೆ ಅಂದ್ಕೊಂಡು ಹೊಡೀತಾರೆ,” ಎಂದು ಗೋರ್ಡಿ ಎಲ್ಲರೆದುರು ಲೆನ್ನಿಗೆ ಹೇಳಿದ್ದ. ಕೇಳಿಸಿಕೊಂಡವರು ಹನ್ನೆರಡು ಮಂದಿ.

ರಮೋನಾಳ ಜೇಬಿನಲ್ಲಿ ಫೋನು ನಡುಗಿತು. ಕರ್ಟ್.

“ಊಟಕ್ಕೆ ಮಾಂಸದ ಪಾಸ್ಟಿ ತಗೊಂಡಿದೀನಿ, ಬಿಸಿ ಇದೆ,” ಎಂದ ಅವಳ ಗಂಡ. ಹಿಂದೆ ಲಾರಿಯ ಗುರುಗುರು. “ಆ ರಸ್ತೇಲೇ ಹಿಮ ಗೋರ್ತಿದೀನಿ. ಡ್ವೇನ್‌ಗೂ ಒಂದು. ಗೋರ್ಡಿಗೆ?”

“ಅವರಿಗೂ ತಾ.”

“ಬಂದೂಕು ಪ್ರಯೋಗಾಲಯದಿಂದ ವಾಪಸ್ ಬಂತಾ?”

“ನಿನ್ನೆ ಬಂತು. ಇಲ್ಲೇ ಇದೆ.”

“ಏನಾದ್ರೂ ಸಿಕ್ತಾ?”

“ಕೆಲಸದಲ್ಲಿದೀನಿ, ಕರ್ಟ್.”

“ಸರಿ, ಸರಿ. ಬರ್ತೀನಿ.”

ಗೋರ್ಡಿ ಅಷ್ಟರಲ್ಲಿ ಕೋಲಿಗೆ ಮೊದಲ ಬಣ್ಣ ಹೊಡೆದಿದ್ದ. ಒಣಹುಲ್ಲಿನ ಬಣ್ಣ. ಹೀಟರಿನ ಗಾಳಿಗೆ ಅದು ಬೇಗ ಆರಿತು. ಹಿತ್ತಲಿನ ದೇವದಾರಿನಿಂದ ಕಿತ್ತ ಒಂದು ಚಿಗುರನ್ನು ಕೋಲಿಗೆ ಒತ್ತಿಹಿಡಿದ. ಒಂದು ಮೊಳ ದೂರದಿಂದ ಕಡು ಕಂದು ಬಣ್ಣವನ್ನು ಪುಸ್, ಪುಸ್ ಎಂದು ಸೂಸಿದ. ಚಿಗುರು ತೆಗೆದ.

ಕಂದು ಬಣ್ಣದ ನಡುವೆ ಹುಲ್ಲುಬಣ್ಣದ ಚಿಗುರೊಂದು ಉಳಿದಿತ್ತು.

“ತಿಳಿ ಬಣ್ಣ ಮೊದ್ಲು, ಗಾಢ ಮೇಲೆ,” ಎಂದ. “ನಮ್ಮಪ್ಪ ಕಲಿಸಿದ್ದು. ಎಲೆ ಬೆಳಕಾಗಿ ಉಳೀಬೇಕು. ಎಲ್ಲಿ ಕೂತು ಬೇಟೆ ಆಡ್ತೀವೋ ಅಲ್ಲಿಂದಲೇ ಎಲೆ ತರೋದು. ಅಂಗಡಿ ಅಚ್ಚು ತಂದು ಹೊಡೆಯೋರು ಬೇಟೆಗಾರರಲ್ಲ, ಗಿರಾಕಿಗಳು.”

ರಮೋನಾ ಮೇಜಿನ ಮೇಲಿದ್ದ ಉದ್ದನೆಯ ಪೆಟ್ಟಿಗೆಯ ಮೊಹರು ಒಡೆದು ಬಂದೂಕು ತೆಗೆದಳು.

ಲೆನ್ನಿಯ ಹೆಣದಿಂದ ಕಲ್ಲೆಸೆಯುವಷ್ಟು ದೂರದಲ್ಲಿ ಬಿದ್ದಿತ್ತು ಅದು. ಇಪ್ಪತ್ತು ಜನ ಸಾಲಾಗಿ ಹುಡುಕಿದರೂ ಕಾಣಲಿಲ್ಲ. ಮರುದಿನ ಒಬ್ಬನ ಬೂಟಿಗೆ ತಾಕಿತು. ಅವನು ಅದನ್ನು ಬೇರು ಎಂದುಕೊಂಡು ಬೈದನಂತೆ. ಅಲ್ಲಿಂದ ನೇರ ಚೀಲಕ್ಕೆ, ಚೀಲದಿಂದ ಪ್ರಯೋಗಾಲಯಕ್ಕೆ. ರಮೋನಾ ಅದನ್ನು ಹಗಲು ಬೆಳಕಿನಲ್ಲಿ ಹತ್ತಿರದಿಂದ ನೋಡುತ್ತಿದ್ದದ್ದು ಇದೇ ಮೊದಲು.

“ಮುಟ್ಟಬೇಡಿ. ಬರೀ ನೋಡಿ. ಇದು ನಿಮ್ಮ ಕೈಕೆಲಸವಾ?”

ಗೋರ್ಡಿ ಬಗ್ಗಿದ. ಕನ್ನಡಕವನ್ನು ಹಣೆಗೇರಿಸಿದ. ಬಹಳ ಹೊತ್ತು ನೋಡಿದ.

“ಇದು ಉಲ್ಟಾ,” ಎಂದ.

ಉಲ್ಟಾ ಎಂಬುದು ರಮೋನಾಗೂ ಕಾಣುತ್ತಿತ್ತು. ಇಲ್ಲಿ ಎಲೆಗಳು ಕಪ್ಪಾಗಿದ್ದವು. ಮೊದಲು ಕಪ್ಪು ಬಳಿದು, ಎಲೆ ಹಿಡಿದು, ಮೇಲೆ ಹುಲ್ಲುಬಣ್ಣ ಸೂಸಿದ್ದಾರೆ. ಎಲೆಗಳೂ ಬೇರೆ. ಎಲ್ಲವೂ ಜರಿಗಿಡದ್ದು, ಬೇಸಿಗೆಯ ಹಸಿ ಜರಿಗಿಡ.

“ನಂದು ಮೇಪಲ್ ಎಲೆ, ಅಕ್ಟೋಬರಲ್ಲಿ ಉದುರಿದ್ದು,” ಎಂದ ಗೋರ್ಡಿ. “ಈ ಎರಡು ಕಾಲಿನ ಸ್ಟ್ಯಾಂಡೂ ನಂದಲ್ಲ. ನಾನು ಮೊಣಕಾಲ ಮೇಲಿಟ್ಟು ಹೊಡೆಯೋನು.”

“ವಕೀಲ ಏನಂತಾನೆ ಗೊತ್ತಾ?” ಎಂದಳು ರಮೋನಾ. “ಬೇಕಂತಲೇ ಉಲ್ಟಾ ಹೊಡೆದ, ಬೇಕಂತಲೇ ಎಲೆ ಬದಲಾಯಿಸಿದ ಅಂತಾನೆ. ಸ್ಟ್ಯಾಂಡನ್ನ ಯಾರು ಬೇಕಾದ್ರೂ ಕೊಳ್ಳಬಹುದು. ಇದಿಷ್ಟು ಸಾಲಲ್ಲ, ಗೋರ್ಡಿ.”

“ನೀನೇನಂತೀಯ?”

“ನಾನು ಹೇಳೋದು ಲೆಕ್ಕಕ್ಕಿಲ್ಲ.”

“ನಂಗೆ ಲೆಕ್ಕಕ್ಕಿದೆ.” ಅವನ ನಗು ಹೋಗಿತ್ತು. “ನನ್ನ ತಂಗಿ ಶವಸಂಸ್ಕಾರದಲ್ಲಿ ನನ್ನ ಮುಖ ನೋಡ್ಲಿಲ್ಲ ಕಣೇ. ಚರ್ಚಿನಲ್ಲಿ ನನ್ನ ಪಕ್ಕದ ಕುರ್ಚಿ ಖಾಲಿ. ನಾನು ಲೆನ್ನಿಗೆ ಬೈದಿದೀನಿ. ಸಾಯಿ ಅಂದಿದೀನಿ. ಇಲ್ಲ ಅನ್ನಲ್ಲ. ಆದ್ರೆ ಆ ಬಂದೂಕು ನನ್ನ ಕೈ ಬಿಟ್ಟು ಎರಡು ವರ್ಷ ಆಯ್ತು. ಯಾರಿಗೋ ಸಿಕ್ಕಿದೆ. ಸಿಕ್ಕಿದ್ದನ್ನ ಹೇಳ್ದೆ ಇಟ್ಕೊಂಡಿದಾರೆ. ಊರೆಲ್ಲ ನನ್ನ ನೋಡಿ ನಗ್ತಿದ್ದಾಗ ಅವನೂ ನಕ್ಕಿದಾನೆ.”

ಹೀಟರು ಬುಸುಗುಟ್ಟುತ್ತಿತ್ತು.

ರಮೋನಾ ಸ್ಟ್ಯಾಂಡನ್ನು ನೋಡುತ್ತಿದ್ದಳು. ನಳಿಗೆಯ ಕೆಳಗೆ ಕೈ ಹಿಡಿಯುವ ಮರದ ಅಡಿಗೆ ಅದನ್ನು ಒಂದು ಕಬ್ಬಿಣದ ಪಟ್ಟಿಯಿಂದ ಬಿಗಿದಿದ್ದರು. ಪಟ್ಟಿಯ ಮೇಲೆ ಬಣ್ಣವಿರಲಿಲ್ಲ. ಅಂದರೆ ಬಣ್ಣ ಹೊಡೆದ ಮೇಲೆ ಸಿಕ್ಕಿಸಿದ್ದು. ಅಂದರೆ ಅದರ ಅಡಿಯ ಬಣ್ಣ ಹೊಡೆದ ದಿನದಷ್ಟೇ ಹೊಸದಾಗಿ ಉಳಿದಿರಬೇಕು. ಮಣ್ಣು ತಾಕಿಲ್ಲ, ತಿಕ್ಕಿಲ್ಲ. ಪ್ರಯೋಗಾಲಯದವರಿಗೆ ಬೇಕಿದ್ದದ್ದು ನಳಿಗೆ, ಗುಂಡು, ಬೆರಳಚ್ಚು. ಸ್ಟ್ಯಾಂಡ್ ಬಿಚ್ಚಿರಲಿಲ್ಲ.

“ಡ್ವೇನ್, ಹತ್ತಿರ ತಗೊಂಡು ಬಾ. ಬಿಚ್ಚೋದನ್ನ ಪೂರ್ತಿ ಹಿಡಿ.”

ಸ್ಕ್ರೂ ಸಡಿಲವಾಯಿತು. ಪಟ್ಟಿ ಕಳಚುವಾಗ ಅಂಚಿನಲ್ಲಿ ಉಗುರಿನಷ್ಟು ಬಣ್ಣದ ಸಿಪ್ಪೆ ಎದ್ದು ಬಂತು. ಅದರಡಿ ಇನ್ನೊಂದು ಬಣ್ಣ. ಕಂದು. ಕಂದಿನ ನಡುವೆ ಹುಲ್ಲುಬಣ್ಣದ ಒಂದು ಚೂಪಾದ ಮೂಲೆ.

ಗೋರ್ಡಿ ಉಸಿರು ಎಳೆದುಕೊಂಡ.

“ನನ್ನ ಮೇಪಲ್ಲು! ಅದು ನನ್ನ ಎಲೆ ತುದಿ! ನೋಡು, ತಿಳಿ ಎಲೆ, ಸುತ್ತ ಗಾಢ. ನಂದರ ಮೇಲೆ ಇನ್ಯಾವನೋ ಬಳಿದಿದಾನೆ!”

“ನೀವೇ ಎರಡನೇ ಸಲ ಬಳಿದ್ರಿ ಅಂದ್ರೆ?” ಎಂದಳು ರಮೋನಾ. ಆದರೆ ಅವಳ ದನಿಯಲ್ಲಿ ಗಟ್ಟಿತನವಿರಲಿಲ್ಲ. ಇವನು ಸುಳ್ಳು ಹೇಳುತ್ತಿಲ್ಲ ಎಂದು ಅವಳಿಗೆ ಮೊದಲ ಸಲ ಪೂರ್ತಿ ನಂಬಿಕೆ ಬಂದಿತ್ತು.

“ಅಯ್ಯೋ, ಇರಿ ಇರಿ,” ಎಂದ ಡ್ವೇನ್. ಕ್ಯಾಮೆರಾದ ಪುಟ್ಟ ಪರದೆಗೆ ಮೂಗು ತಾಗಿಸಿದ್ದ. “ಅಲ್ಲೊಂದು ಬೆರಳಿದೆ.”

ಪಟ್ಟಿ ಮುಚ್ಚಿದ್ದ ಜಾಗದಲ್ಲಿ ಒಂದು ಜರಿ ಎಲೆಯ ಕಪ್ಪು ಆಕಾರವಿತ್ತು. ಅದರ ದಂಟಿಗೆ ಅಡ್ಡಲಾಗಿ ಇನ್ನೊಂದು ಕಪ್ಪು ಆಕಾರ. ಎಲೆ ಹಾರದಂತೆ ಯಾರೋ ಎಡಗೈಯ ಎರಡು ಬೆರಳುಗಳಿಂದ ಒತ್ತಿಹಿಡಿದಿದ್ದಾರೆ. ಸೂಸಿದ ಬಣ್ಣ ಬೆರಳುಗಳ ಮೇಲೂ ಬಿದ್ದಿದೆ. ಬೆರಳು ತೆಗೆದ ಮೇಲೆ ಅವುಗಳ ನೆರಳು ಮರದ ಮೇಲೆ ನಿಂತಿದೆ. ಬೆರಳಚ್ಚಲ್ಲ, ಗೆರೆಗಳಿಲ್ಲ. ಬರೀ ಉದ್ದ, ದಪ್ಪ, ಆಕಾರ.

ಒಂದು ಬೆರಳು ಉದ್ದ. ಪಕ್ಕದ್ದು ಮೊಂಡು.

ಗೋರ್ಡಿ ತನ್ನ ಎರಡೂ ಕೈಗಳನ್ನು ಕ್ಯಾಮೆರಾದ ಮುಂದೆ ಚಾಚಿ ಬೆರಳು ಬಿಡಿಸಿದ. ಹತ್ತು. ಅವನ ಕಣ್ಣಲ್ಲಿ ನೀರಿತ್ತು. ಆದರೂ ನಗುತ್ತಿದ್ದ.

“ಎಣಿಸ್ಕೋ ಡ್ವೇನ್! ಒಂದೊಂದಾಗಿ ಎಣಿಸ್ಕೋ! ಬಸ್ ಓಡಿಸೋನು, ಮರ ಕಡಿಯೋಕೆ ಬರಲ್ಲ, ಗಂಡಸೇ ಅಲ್ಲ ಅಂತಿದ್ರಲ್ಲ ಎಲ್ರೂ. ಈಗ ಹೇಳಲಿ!”

“ಎಣಿಸ್ದೆ, ಎಣಿಸ್ದೆ,” ಎಂದ ಡ್ವೇನ್, ಅವನೂ ನಗುತ್ತಾ. “ವಕೀಲಂಗೆ ಇದನ್ನ ದೊಡ್ಡದಾಗಿ ತೋರಿಸ್ತೀನಿ. ಆದ್ರೆ ರಮೋನಾ, ನಮಗೆ ಕಷ್ಟ ಈಗ ಶುರು. ಮೊಂಡು ಬೆರಳಿನೋರು ಈ ಕೌಂಟಿಲಿ ನೂರು ಜನ ಇದಾರೆ. ನಮ್ಮ ಮಾವಂಗೆ ಒಂದು ಕೈಲಿ ಮೂರೇ.”

ರಮೋನಾ ಕೇಳಿಸಿಕೊಳ್ಳುತ್ತಿರಲಿಲ್ಲ.

ಅವಳು ಬೆರಳನ್ನು ನೋಡುತ್ತಿರಲಿಲ್ಲ. ಎಲೆಯನ್ನು ನೋಡುತ್ತಿದ್ದಳು. ಜರಿಯ ಬಲಗಡೆ, ಮಧ್ಯದಲ್ಲಿ, ಹುಳು ತಿಂದ ಅರ್ಧಚಂದ್ರದ ಕಚ್ಚು. ಅದರ ಪಕ್ಕದ ಗರಿ ಮುರಿದು ಕೆಳಕ್ಕೆ ಬಾಗಿತ್ತು.

ಆ ಕಚ್ಚು ಅವಳಿಗೆ ಗೊತ್ತು. ದಿನಾ ನೋಡುತ್ತಾಳೆ. ಮನೆಯಲ್ಲಿ ಅಡುಗೆಕೋಣೆಯ ಬಾಗಿಲ ಮೇಲೆ ಕರ್ಟ್‌ನ ಬಂದೂಕು ಎರಡು ಗೂಟಗಳ ಮೇಲಿದೆ. ಅದರ ಹಿಡಿಯ ಮೇಲೆ ಇದೇ ಎಲೆ, ಇದೇ ಅರ್ಧಚಂದ್ರ, ಇದೇ ಮುರಿದ ಗರಿ. ಬೆಳಿಗ್ಗೆ ಕಾಫಿಗೆ ನೀರಿಡುವಾಗ ಕಣ್ಣು ಅಲ್ಲಿಗೇ ಹೋಗುತ್ತದೆ.

ಕಾಡಿನಲ್ಲಿ ಒಂದೇ ಥರದ ಎಲೆಗಳು ಸಾವಿರವಿರಬಹುದು. ಒಂದೇ ಹುಳು ಒಂದೇ ಜಾಗದಲ್ಲಿ ಎರಡು ಸಲ ತಿನ್ನುವುದಿಲ್ಲ. ಕಿತ್ತ ಜರಿ ಎಲೆ ಬಣ್ಣ ಕುಡಿದು ಸುರುಟಿಕೊಳ್ಳಲು ಹೆಚ್ಚು ಹೊತ್ತು ಬೇಡ. ನಾಳೆಗೆ ಅದು ಕೆಲಸಕ್ಕೆ ಬರುವುದಿಲ್ಲ.

ಎರಡು ಬಂದೂಕು. ಒಂದೇ ಎಲೆ. ಒಂದೇ ಸಂಜೆ.

ಆ ಸಂಜೆ ಅವಳಿಗೆ ನೆನಪಿತ್ತು. ಆಗಸ್ಟ್. ಹಬೆಸ್ನಾನದ ಸಾನಾ ಮನೆಯ ಹಿಂದಿನಿಂದ ಎಲೆ ಕಿತ್ತು ತಂದವಳು ಅವಳೇ. ಹುಳು ತಿಂದದ್ದನ್ನು ಕರ್ಟ್ ಎಸೆಯಹೋದಾಗ, “ಇರಲಿ ಬಿಡು, ನಿಜವಾದ ಎಲೆ ಥರ ಕಾಣತ್ತೆ,” ಎಂದವಳೂ ಅವಳೇ. ಗ್ಯಾರೇಜಿನಲ್ಲಿ ಒಂದೇ ಬಲ್ಬು, ತುಂಬ ಸೊಳ್ಳೆ. ಕರ್ಟ್‌ಗೆ ಕಪ್ಪಿನಿಂದ ಶುರು ಮಾಡುವುದೇ ಅಭ್ಯಾಸ. ಟೇಪು ಸುತ್ತಿ, ಕಪ್ಪು ಬಳಿದು, ತಂತಿಗೆ ನೇತುಹಾಕಿದ್ದ. ಹಾಗೆ ನೇತುಹಾಕಿದ ಮೇಲೆ ಎಲ್ಲ ಬಂದೂಕುಗಳೂ ಒಂದೇ; ಅದು ಕರ್ಟ್‌ನದೇ ಎಂದುಕೊಂಡಿದ್ದಳು.

“ಗಾಳಿ ಬರ್ತಿದೆ, ಇಲ್ಲಿ ಸ್ವಲ್ಪ ಹಿಡ್ಕೋ,” ಎಂದಿದ್ದ. “ಬೆರಳಿಗೆ ಬಣ್ಣ ಆಗತ್ತೆ, ಪರವಾಗಿಲ್ವಾ?”

ಅವಳು ಹಿಡಿದಿದ್ದಳು. ಬೆರಳಿನ ಮೇಲೆ ಬಣ್ಣ ತಣ್ಣಗೆ ಕೂತದ್ದು, ಆಮೇಲೆ ಥಿನ್ನರಿನಲ್ಲಿ ಒರೆಸಿಕೊಂಡದ್ದು, ಚರ್ಮ ಉರಿದದ್ದು, ಎಲ್ಲ ನೆನಪಿತ್ತು.

ಇನ್ನೊಂದು ವಿಷಯವೂ ನೆನಪಿತ್ತು. ಬಣ್ಣ ಆರಿದ ಮೇಲೆ ಅವಳು ಕರ್ಟ್‌ನ ಬಂದೂಕನ್ನು ತಿರುಗಿಸಿ ತಿರುಗಿಸಿ ನೋಡಿದ್ದಳು, ತನ್ನ ಬೆರಳಿನ ಗುರುತು ಎಲ್ಲಿದೆ ಅಂತ. ಎಲ್ಲೂ ಇರಲಿಲ್ಲ.

“ಮೇಲೆ ಇನ್ನೊಂದು ಕೋಟ್ ಹೊಡೆದೆ, ಅಳಿಸಿಹೋಯ್ತು,” ಎಂದಿದ್ದ ಕರ್ಟ್. ಅವಳು ಮತ್ತೆ ಅದರ ಬಗ್ಗೆ ಯೋಚಿಸಿರಲಿಲ್ಲ. ಯಾಕೆ ಯೋಚಿಸಬೇಕಿತ್ತು?

ಅಳಿಸಿಹೋಗಿರಲಿಲ್ಲ. ಇಲ್ಲಿತ್ತು.

ಮೇಜಿನ ಅಂಚು ಹಿಡಿದುಕೊಂಡಳು. ಒಂದು ವಾರದಿಂದ ಲೆನ್ನಿಯ ಹೆಂಡತಿಯ ಎದುರು ಕೂತು, ಕೈ ಹಿಡಿದು, “ಯಾರು ಮಾಡಿದಾರೋ ಹುಡುಕ್ತೀನಿ,” ಎಂದು ಹೇಳುತ್ತಿದ್ದವಳು ಅವಳು. ಅದೇ ಕೈ.

“ರಮೋನಾ?” ಎಂದ ಡ್ವೇನ್. “ಅಳತೆಪಟ್ಟಿ ಕಾರಲ್ಲೇ ಬಿಟ್ಟು ಬಂದೆ. ಇರಲಿ, ಗಾತ್ರ ಗೊತ್ತಾಗೋಕೆ ಪಕ್ಕದಲ್ಲಿ ನಿಮ್ಮ ಕೈ ಇಡಿ. ಎಡಗೈ ಇಡಿ, ಇದೂ ಎಡಗೈನೇ.”

ಅವನು ಪರದೆಯನ್ನೇ ನೋಡುತ್ತಿದ್ದ. ಅವನಿಗೆ ಏನೂ ಹೊಳೆದಿರಲಿಲ್ಲ.

ಗೋರ್ಡಿಗೆ ಹೊಳೆದಿತ್ತು.

ಅವನ ಕಣ್ಣು ಮರದ ಮೇಲಿನ ಮೊಂಡು ನೆರಳಿನಿಂದ ಅವಳ ಕೈಗವಸಿನ ಮಡಚಿದ ತುದಿಗೆ ಹೋಗಿ ಅಲ್ಲೇ ನಿಂತಿತು. ರಮೋನಾಗೆ ಹತ್ತೊಂಬತ್ತು ವರ್ಷವಾಗಿದ್ದಾಗ, ಸೌದೆ ಸೀಳುವ ಯಂತ್ರ ಬೆರಳು ತಿಂದ ದಿನ, ಖಾಲಿ ಬಸ್ಸು ಹೊಡೆದುಕೊಂಡು ಮನೆಗೆ ಹೋಗುತ್ತಿದ್ದವನು ಗೋರ್ಡಿ. ಅವಳ ಕೈಗೆ ಟವೆಲ್ ಸುತ್ತಿ, ಮುಂದಿನ ಸೀಟಿನಲ್ಲಿ ಕೂರಿಸಿ, ಆಸ್ಪತ್ರೆಗೆ ಒಯ್ದಿದ್ದ. ದಾರಿಯುದ್ದಕ್ಕೂ ಕೆಟ್ಟ ಕೆಟ್ಟ ಹಾಡು ಹಾಡಿ ನಗಿಸಿದ್ದ. ಆ ಬೆರಳು ಹೇಗೆ ಓರೆಯಾಗಿ ತುಂಡಾಗಿದೆ ಎಂದು ಅವನಿಗಿಂತ ಚೆನ್ನಾಗಿ ಬಲ್ಲವರಿಲ್ಲ.

ಗೋರ್ಡಿಯ ಮುಖ ಬಿಳಿಚಿತು.

“ಡ್ವೇನ್,” ಎಂದ ಕೊನೆಗೆ. ದನಿ ಒರಟಾಗಿತ್ತು. “ನನ್ನ ಕೈ ಇಟ್ಟು ಅಳೆ. ಅವಳ ಕೈ ಬೇಡ.”

“ನಿಮ್ಮ ಕೈ ಹೇಗೆ ಇಡೋದು? ನೀವು ಆರೋಪಿ. ಸಾಕ್ಷಿ ಮುಟ್ಟೋ ಹಾಗಿಲ್ಲ.”

“ಹಾಗಾದ್ರೆ ಕಾರಿಂದ ಪಟ್ಟಿ ತಗೊಂಡು ಬಾ. ಹೋಗು. ಆ ಡಬ್ಬ ಆಫ್ ಮಾಡಿ ಹೋಗು.”

“ಏನಾಯ್ತು ನಿಮಗೆ? ಈಗ ತಾನೇ ಕುಣೀತಿದ್ರಿ. ನಿಮ್ಮನ್ನ ಬಿಡಿಸೋ ವಿಡಿಯೋ ಇದು!”

“ಹೋಗು ಅಂದೆ!”

ರಮೋನಾ ಗೋರ್ಡಿಯನ್ನು ನೋಡಿದಳು. ಮಧ್ಯಾಹ್ನಕ್ಕೆ ಜೈಲಿಗೆ ಹೋಗಬೇಕಾದವನು ಅವಳಿಗೆ ಎರಡು ನಿಮಿಷ ಕೊಡಿಸುತ್ತಿದ್ದ. ಎರಡು ನಿಮಿಷ ಸಾಕು. ಥಿನ್ನರಿನ ಡಬ್ಬಿ ಕೈಗೆಟುಕುವಲ್ಲೇ ಇತ್ತು. ಬಟ್ಟೆಯೂ ಇತ್ತು. ಒಂದು ಸಲ ಒರೆಸಿ, ಕ್ಯಾಮೆರಾದಲ್ಲಿದ್ದದ್ದನ್ನೂ ಅಳಿಸಿದರೆ ಬೆರಳಿಲ್ಲ, ಎಲೆಯಿಲ್ಲ. ಆದರೆ ಆಗ ಗೋರ್ಡಿಯೂ ಉಳಿಯುವುದಿಲ್ಲ. ಅದು ಅವನಿಗೂ ಗೊತ್ತಿತ್ತು. ಗೊತ್ತಿದ್ದೂ ಹೇಳಿದ್ದ.

“ಬೇಡ, ಡ್ವೇನ್,” ಎಂದಳು. “ಎಲ್ಲೂ ಹೋಗಬೇಡ. ಕ್ಯಾಮೆರಾ ಓಡಲಿ.”

ಎಡಗೈಯ ಗವಸನ್ನು ಬಲಗೈಯಿಂದ ಹಿಡಿದು ಎಳೆದಳು. ಬೆವರಿಗೆ ಅಂಟಿಕೊಂಡಿತ್ತು. ಇನ್ನೊಮ್ಮೆ ಎಳೆದಳು. ಬಂತು.

“ಬೇಡ ಕಣೇ,” ಎಂದ ಗೋರ್ಡಿ ಮೆಲ್ಲಗೆ.

ದೂರದಲ್ಲಿ ಹಿಮ ಗೋರುವ ಲಾರಿಯ ಅಲಗು ರಸ್ತೆಯನ್ನು ಕೆರೆಯುವ ಸದ್ದು ಕೇಳಿಸಿತು. ಹತ್ತಿರವಾಗುತ್ತಿತ್ತು.

ರಮೋನಾ ತನ್ನ ಬರಿಗೈಯನ್ನು ನೆರಳಿನ ಪಕ್ಕದಲ್ಲಿ ಇಡಲಿಲ್ಲ. ಸಾಕ್ಷಿಗೆ ಚರ್ಮ ತಾಗದಷ್ಟು ಎತ್ತರದಲ್ಲಿ, ನೆರಳಿನ ನೇರ ಮೇಲೆ ಹಿಡಿದಳು. ತೋರುಬೆರಳಿಗೆ ತೋರುಬೆರಳು. ನಡುಬೆರಳಿಗೆ ನಡುಬೆರಳು. ಓರೆಯಾಗಿ ತುಂಡಾದ ತುದಿಗೆ ಓರೆಯಾಗಿ ತುಂಡಾದ ತುದಿ. ಮರದ ಮೇಲೆ ಏನೂ ಉಳಿಯಲಿಲ್ಲ. ಎಲ್ಲ ಅವಳ ಕೈಯಡಿ ಮುಚ್ಚಿಹೋಯಿತು.

ಡ್ವೇನ್ ಪರದೆಯಿಂದ ತಲೆ ಎತ್ತಿದ. ಮೊದಲು ಅವಳ ಕೈ, ಆಮೇಲೆ ಅವಳ ಮುಖ ನೋಡಿದ.

“ನನ್ನ ಹೆಸರು ರಮೋನಾ ಲಾಹ್ತಿ,” ಎಂದಳು ಅವಳು ಕೆಂಪು ದೀಪದ ಕಡೆ ತಿರುಗಿ. “ಈ ಎಲೆ ಹಿಡಿದ ಕೈ ನಂದು. ಆಗಸ್ಟಲ್ಲಿ, ನಮ್ಮ ಮನೆ ಗ್ಯಾರೇಜಲ್ಲಿ. ಅದು ಈ ಬಂದೂಕು ಅಂತ ನಂಗೆ ಗೊತ್ತಿರ್ಲಿಲ್ಲ. ಬಣ್ಣ ಹೊಡೆದವರು...”

ಅಲಗಿನ ಸದ್ದು ನಿಂತಿತು. ಅಂಗಳದಲ್ಲಿ ಲಾರಿಯ ಬಾಗಿಲು ಬಡಿಯಿತು. ಬೂಟುಗಳು ಹಿಮ ತುಳಿಯುತ್ತಾ ಬಂದವು, ಅವಸರವಿಲ್ಲದೆ, ಅವಳಿಗೆ ಹದಿನಾರು ವರ್ಷದಿಂದ ಗೊತ್ತಿದ್ದ ನಡಿಗೆಯಲ್ಲಿ.

ಅರ್ಧ ತೆರೆದಿದ್ದ ಗ್ಯಾರೇಜಿನ ಬಾಗಿಲಡಿ ಬಗ್ಗಿ ಕರ್ಟ್ ಒಳಬಂದ. ಕಿತ್ತಳೆ ಟೋಪಿ, ಗಡ್ಡದಲ್ಲಿ ಹಿಮ. ಕೈಯಲ್ಲಿದ್ದ ಕಾಗದದ ಚೀಲಕ್ಕೆ ಪಾಸ್ಟಿಗಳ ಎಣ್ಣೆ ಹತ್ತಿತ್ತು. ಮಾಂಸ, ಈರುಳ್ಳಿ, ಬಿಸಿ ಹಿಟ್ಟಿನ ವಾಸನೆ ಥಿನ್ನರಿನ ವಾಸನೆಯೊಳಗೆ ಬೆರೆಯಿತು.

“ನಾಲ್ಕು ತಂದಿ...” ಎಂದವನು ನಿಂತ.

ಅವನು ಬಂದೂಕನ್ನು ನೋಡಲಿಲ್ಲ. ಅದರ ಮೇಲೆ ಹಿಡಿದಿದ್ದ ಹೆಂಡತಿಯ ಕೈಯನ್ನು ನೋಡಲಿಲ್ಲ. ಗೋರ್ಡಿಯನ್ನೂ ನೋಡಲಿಲ್ಲ. ಮೂರು ಕಾಲಿನ ಮೇಲೆ ಉರಿಯುತ್ತಿದ್ದ ಕೆಂಪು ದೀಪವನ್ನು ನೋಡಿದ.

ಚೀಲವನ್ನು ನೆಲಕ್ಕಿಟ್ಟ. ಹಿಂದಕ್ಕೆ ಕೈ ಚಾಚಿ ಗ್ಯಾರೇಜಿನ ಬಾಗಿಲನ್ನು ಪೂರ್ತಿ ಕೆಳಗೆಳೆದ.

“ಅದು ಎಷ್ಟು ಹೊತ್ತಿಂದ ಓಡ್ತಿದೆ?” ಎಂದ.